ಕೇದಾರದ ದಾರಿಯಲ್ಲಿ ಇಷ್ಟಲಿಂಗಧಾರಿ

ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿರುವ ಭಕ್ತನು ಕೇದಾರಕ್ಕೆ ಹೋಗಬೇಕೆ? ವೈಶಾಖದಲ್ಲಿ ಅಲ್ಲಿಯ ದೇಗುಲದ ಬಾಗಿಲು ತೆರೆಯುವ ಕಾಲಕ್ಕೆ ಭಕ್ತರ ಮನೆಗಳಲ್ಲಿ ಈ ಪ್ರಶ್ನೆ ಏಳುವುದುಂಟು. ತೀರ್ಥಕ್ಷೇತ್ರಗಳ ಅಲೆದಾಟವನ್ನು ಶಿವಶರಣರು ಮನ್ನಿಸಲಿಲ್ಲ. ಕರಸ್ಥಲದ ಲಿಂಗವನ್ನು ಬಿಟ್ಟು ಬೆಟ್ಟದ ಲಿಂಗವನ್ನರಸುವುದು ಅವರ ದೃಷ್ಟಿಯಲ್ಲಿ ಮರವೆಯೇ ಸರಿ. ಆದರೆ ಕೇದಾರವು ವೀರಶೈವರಿಗೆ ಪರಸ್ಥಳವೂ ಅಲ್ಲ. ಪಂಚಪೀಠಗಳಲ್ಲೊಂದು ಊಖೀಮಠದಲ್ಲಿದೆ, ಕೇದಾರದ ರಾವಲರು ಪರಂಪರೆಯಿಂದ ಕನ್ನಡನಾಡಿನ ವೀರಶೈವ ಜಂಗಮರು. ಹೋಗುವವನನ್ನು ಹೀಗಳೆಯುವುದು ಸುಲಭ, ನ್ಯಾಯವಲ್ಲ.

ಹೋಗುವುದೋ ಬಿಡುವುದೋ ಎಂಬುದಕ್ಕಿಂತ ಹೇಗೆ ಹೋಗುತ್ತಾನೆಂಬುದೇ ವಿಚಾರಣೀಯವಾದುದು. ಗೌರೀಕುಂಡದಿಂದ ದೇಗುಲಕ್ಕೆ ಸುಮಾರು 16 ಕಿಲೋಮೀಟರುಗಳ ಏರುದಾರಿ. 2013ರ ಜೂನ್ ಪ್ರವಾಹದಲ್ಲಿ ರಾಮಬಾಡಾ ಕೊಚ್ಚಿಹೋದ ಮೇಲೆ ಯಾತ್ರೆಯು ಮಂದಾಕಿನಿಯ ಆಚೆದಡದ ಹೊಸ ದಾರಿಗೆ ತಿರುಗಿತು. ಅದು ಹಳೆಯದಕ್ಕಿಂತ ಉದ್ದ, ಕಡಿದು. ದೇಗುಲವಿರುವುದು 3,583 ಮೀಟರು ಎತ್ತರದಲ್ಲಿ. ಬಯಲುಸೀಮೆಯವರಿಗೆ ಅಲ್ಲಿ ಉಸಿರೇ ಸಾಲದು. ಆದಕಾರಣ ಹಲವರು ಹೇಸರಗತ್ತೆಯನ್ನೋ, ನಾಲ್ವರು ಹೊರುವ ದಂಡಿಯನ್ನೋ, ಒಬ್ಬನೇ ಬೆನ್ನಿಗೆ ಕಟ್ಟಿ ಹೊರುವ ಕಂಡಿಯನ್ನೋ ಆಶ್ರಯಿಸುತ್ತಾರೆ. ಕಂಡಿಯೆಂದರೆ ಹೆಣೆದ ಬುಟ್ಟಿ. ಅದರಲ್ಲಿ ಕುಳಿತವನಿಗೆ ಹೊತ್ತವನ ಮುಖ ಕಾಣದು. ಅವನ ಏದುಸಿರು ಮಾತ್ರ ಕೇಳುತ್ತದೆ.

ಲಿಂಗವನ್ನು ಹೊತ್ತವನು ಲಿಂಗದರ್ಶನಕ್ಕಾಗಿ ಮತ್ತೊಬ್ಬನ ಬೆನ್ನೇರಿದ್ದಾನೆ! ವೃದ್ಧರೂ ಅಶಕ್ತರೂ ಹೀಗೆ ಹೋಗುವುದರಲ್ಲಿ ದೋಷವಿಲ್ಲ. ಹೊರುವವನಿಗೂ ಅದು ಕಾಯಕವೇ. ನೇಪಾಳದಿಂದ ಅದಕ್ಕಾಗಿಯೇ ಬರುವವರು ಬಹಳ ಮಂದಿ. ಆದರೆ ಕೂಲಿ ಕೊಟ್ಟೆನೆಂಬ ಸಮಾಧಾನವು ವ್ಯಾಪಾರಕ್ಕೆ ಸಾಕು, ಕಾಯಕದೊಡನೆ ದಾಸೋಹವನ್ನು ಬೆಸೆದ ಶರಣಧರ್ಮಕ್ಕೆ ಸಾಲದು. ಒಪ್ಪಿದ ಕೂಲಿಯನ್ನು ಮೇಲೆ ತಲುಪಿದ ಬಳಿಕ ಚೌಕಾಸಿ ಮಾಡುವವನು, ತಾನು ಬೆಚ್ಚಗೆ ಉಣ್ಣುತ್ತ ಹೊತ್ತವನನ್ನು ಮಳೆಯಲ್ಲಿ ನಿಲ್ಲಿಸುವವನು, ಕುಂಟುವ ಹೇಸರಗತ್ತೆಗೆ ಇನ್ನೊಂದು ಪೆಟ್ಟು ಹಾಕಿಸುವವನು ಯಾವ ದರ್ಶನಕ್ಕಾಗಿ ಅಷ್ಟು ಅವಸರಪಡುತ್ತಾನೆ? ಸಂಜೆ ಅದೇ ವ್ಯಕ್ತಿ ಊರಿನಿಂದ ತಂದ ಪತ್ರೆಯನ್ನು ಬಿಚ್ಚಿ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುತ್ತಾನೆ; ನೇಮಕ್ಕೆ ಮಾತ್ರ ಲೋಪವಿಲ್ಲ. ಜಂಗಮದಲ್ಲಿ ಶಿವನನ್ನು ಕಾಣಬೇಕೆಂದು ಕಲಿತವನು, ಹಗಲೆಲ್ಲ ತನ್ನನ್ನು ಹೊತ್ತು ನಡೆದ ಚೈತನ್ಯದ ಹೆಸರನ್ನೂ ಕೇಳಿರುವುದಿಲ್ಲ.

ಕೇದಾರೇಶ್ವರನನ್ನೂ ಮನುಷ್ಯರೇ ಹೊರುತ್ತಾರೆ. ಯಮದ್ವಿತೀಯೆಯಂದು ಬಾಗಿಲು ಮುಚ್ಚಿದೊಡನೆ ಉತ್ಸವಮೂರ್ತಿಯು ಡೋಲಿಯಲ್ಲಿ ಇಳಿದು, ಚಳಿಗಾಲವನ್ನು ಕಳೆಯಲು ಊಖೀಮಠದ ಓಂಕಾರೇಶ್ವರ ದೇಗುಲಕ್ಕೆ ಬರುತ್ತದೆ. ಒಂದೇ ದಿನದಲ್ಲಿ ಅಲ್ಲ. ರಾಮಪುರದಲ್ಲೊಂದು ವಸತಿ, ಗುಪ್ತಕಾಶಿಯಲ್ಲೊಂದು ವಸತಿ. ಹೊತ್ತವರು ಉಂಡು, ಮಲಗಿ, ಬೆಳಗ್ಗೆ ಹೆಗಲು ಕೊಡುವವರೆಗೆ ಡೋಲಿ ಅಲ್ಲಿಯೇ ಇರುತ್ತದೆ.