ರುಚಿಯೋ, ರೂಢಿಯೋ?

ಮೊದಲ ಸಲ ಗೊಂದಲವೆನಿಸಿದ ಗಾಯನವು ಹತ್ತನೆಯ ಸಲಕ್ಕೆ ಹೃದ್ಯವಾದರೆ, ಆ ಪ್ರೀತಿಯು ಗಾಯನದ ಗುಣದಿಂದ ಹುಟ್ಟಿದುದೋ, ಬರಿಯ ಬಳಕೆಯಿಂದ ಹುಟ್ಟಿದುದೋ? ಬಳಕೆಯಿಂದಲೇ ಎಂದಾದರೆ ರಸಿಕತೆಯೆಂಬುದು ಒಂದು ಸಭ್ಯವಾದ ಆತ್ಮವಂಚನೆಯೆನ್ನಬೇಕಾಗುವುದು.

ಮಲ್ಲಿಕಾರ್ಜುನ ಮನ್ಸೂರರು (1910–1992) ಹಾಡುತ್ತಿದ್ದ ಬಸಂತಿ ಕೇದಾರವನ್ನು ನೋಡಬಹುದು. ಜಯಪುರ-ಅತ್ರೌಲಿ ಘರಾಣೆಯವರಿಗೆ ಪ್ರಿಯವಾದ ಜೋಡುರಾಗವದು. ಕೇದಾರದ ಧೈವತವು ಶುದ್ಧ, ವಸಂತದ್ದು ಕೋಮಲ. ಒಂದರ ನೆಲೆಯಲ್ಲಿ ಕಿವಿಯು ನಿಲ್ಲುವಷ್ಟರಲ್ಲಿ ಇನ್ನೊಂದು ಬಂದುಬಿಡುವುದು. ಹೊಸ ಶ್ರೋತೃವಿಗೆ ಇದು ಅಪಸ್ವರವೆಂದೇ ತೋರಿದರೆ ಅವನನ್ನು ಹಳಿಯಲಾಗದು. ಎರಡು ರಾಗಗಳನ್ನೂ ಬೇರೆಬೇರೆಯಾಗಿ ಅರಿಯದವನಿಗೆ ಅವುಗಳ ಸಂಧಿಯಾದರೂ ಎಲ್ಲಿ ಕಾಣಬೇಕು? ಹಲವು ಸಲ ಕೇಳಿದ ಮೇಲೆ ಅವನು ಆ ತಿರುವನ್ನು ಮುಂದಾಗಿಯೇ ನಿರೀಕ್ಷಿಸುವನು. ಗಾಯಕನು ತಡಮಾಡಿದಾಗ ಉಸಿರು ಬಿಗಿಹಿಡಿಯುವನು.

ಇದೂ ರೂಢಿಯೇ ಅಲ್ಲವೆ ಎಂದು ಸಂದೇಹವಾದಿಯು ಕೇಳಬಹುದು. ಆದರೆ ಬರಿಯ ರೂಢಿಯು ಇಂದ್ರಿಯವನ್ನು ಮೊಂಡಾಗಿಸುವುದು. ಗಿರಣಿಯ ಪಕ್ಕದ ಮನೆಯವರು ಅದರ ಸದ್ದನ್ನು ಮೆಚ್ಚತೊಡಗುವುದಿಲ್ಲ, ಕೇಳುವುದನ್ನೇ ಬಿಡುತ್ತಾರೆ. ಈ ಶ್ರೋತೃವಾದರೋ ಮೊದಲಿಗಿಂತ ಹೆಚ್ಚು ಕೇಳುತ್ತಾನೆ. ಅದೇ ರಾಗವನ್ನು ಇನ್ನೊಬ್ಬನು ಕೆಡಿಸಿದರೆ ಕೆಟ್ಟಿತೆಂದು ಬಲ್ಲನು. ಕಾವ್ಯದ ಅನುಶೀಲನಾಭ್ಯಾಸದಿಂದ ಸಹೃದಯನ ಮನಸ್ಸು ಕನ್ನಡಿಯಂತೆ ತಿಳಿಯಾಗುವುದೆಂದು ಅಭಿನವಗುಪ್ತನು ಹೇಳಿದುದರ ಭಾವವೂ ಇದೇ.

ಹಾಗೆಂದು ಅರ್ಥವಾಗದುದೆಲ್ಲವೂ ಮಹತ್ತಲ್ಲ. ಬರಿಯ ಕಸರತ್ತಿನ ಗಾಯನವೂ ಉಂಟು. ಅಂತಹದನ್ನು ಮನ್ಸೂರರ ಧ್ವನಿಮುದ್ರಿಕೆಯೊಡನೆ ಹತ್ತು ದಿನ ಕೇಳಿದರೆ, ಹತ್ತನೆಯ ದಿನವೂ ಅದು ಮೊದಲನೆಯ ದಿನದಂತೆಯೇ ಇರುವುದು.