ಶ್ರಮವೂ ಶ್ರಮಪರಿಹಾರವೂ

ನೆರೆಮನೆಯ ತರುಣನೊಬ್ಬನು ವ್ಯಾಯಾಮಶಾಲೆಯಿಂದ ಬರುತ್ತ ದೊಡ್ಡದೊಂದು ಡಬ್ಬಿಯನ್ನು ನಮ್ಮ ಮುಂದಿಟ್ಟು, ದಣಿದ ಮೈ ಬೇಗ ಚೇತರಿಸಿಕೊಳ್ಳಲೆಂದು ಇದರಲ್ಲಿನ ಪುಡಿಯನ್ನು ಸೇವಿಸುವುದು ತಪ್ಪೇ ಎಂದು ಕೇಳಿದನು. ತಪ್ಪೆಂದು ಒಡನೆಯೇ ಹೇಳಿಬಿಟ್ಟೆವು. ಏತಕ್ಕೆ ತಪ್ಪೆಂದು ಆಮೇಲೆ ನಮ್ಮನ್ನು ನಾವೇ ಕೇಳಿಕೊಂಡಾಗ ಸಮರ್ಪಕವಾದ ಉತ್ತರವು ತೋರಲಿಲ್ಲ.

ಆ ಪುಡಿಯ ಹೆಸರು ವೇ ಪ್ರೋಟೀನ್. ಹಾಲನ್ನು ಒಡೆದು ಚೀಸ್ ಮಾಡುವಾಗ ಉಳಿಯುವ ತಿಳಿನೀರಿನಿಂದ ತೆಗೆದು ಒಣಗಿಸಿದ ಸಾರವೇ ಅದು. ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದರಲ್ಲೊಂದು ಪಾಲು. ಮೈಸೂರಿನ ಗರಡಿಗಳ ಜಟ್ಟಿಗಳು ಹಾಲು, ತುಪ್ಪ, ಬಾದಾಮಿಗಳನ್ನು ಯಥೇಚ್ಛವಾಗಿ ಸೇವಿಸುತ್ತಿದ್ದರು. ಅದನ್ನು ಯಾರೂ ಅಧರ್ಮವೆನ್ನಲಿಲ್ಲ. ಹಾಲು ಚೊಂಬಿನಲ್ಲಿದ್ದರೆ ಧರ್ಮ, ಅದರ ಸಾರವು ಡಬ್ಬಿಯಲ್ಲಿದ್ದರೆ ಅಧರ್ಮವೆಂಬ ವಾದವು ನಿಲ್ಲತಕ್ಕದ್ದಲ್ಲ. ಇನ್ನು ಪ್ರಮಾಣದ ಮಾತು. 49 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಭಾರವೆತ್ತುವ ವ್ಯಾಯಾಮ ಮಾಡುವವರಲ್ಲಿ ದೇಹತೂಕದ ಕಿಲೋಗ್ರಾಂ ಒಂದಕ್ಕೆ ದಿನವೊಂದಕ್ಕೆ ಸುಮಾರು 1.6 ಗ್ರಾಂ ಪ್ರೋಟೀನನ್ನು ಮೀರಿದ ಮೇಲೆ ಎಷ್ಟು ತಿಂದರೂ ಸ್ನಾಯುವೃದ್ಧಿ ಹೆಚ್ಚಲಿಲ್ಲ. 60 ಕಿಲೋ ತೂಕದವನಿಗೆ ಅದು 96 ಗ್ರಾಂ. ಬೇಳೆ, ಹಾಲು, ಮೊಟ್ಟೆಗಳಿಂದಲೂ ಇದನ್ನು ತುಂಬಬಹುದು, ಪುಡಿಯಿಂದಲೂ ತುಂಬಬಹುದು.

ನಿಜವಾದ ಪ್ರಶ್ನೆಯಿರುವುದು ನೋವಿನ ವಿಷಯದಲ್ಲಿ. ಕಠಿನ ವ್ಯಾಯಾಮದ ಮರುದಿನದ ಮೈನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಶಾಲೆಗಳಲ್ಲಿ ಬಹುಕಾಲ ಬೋಧಿಸಿದೆವು. ಅದು ತಪ್ಪು. ಆ ದ್ರವ್ಯವು ಗಂಟೆಯೊಂದೆರಡರಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ನೋವಾದರೋ ಒಂದರಿಂದ ಮೂರು ದಿನಗಳಲ್ಲಿ ಪರಾಕಾಷ್ಠೆಗೆ ಏರುತ್ತದೆ. ಸ್ನಾಯುವಿನ ಎಳೆಗಳಲ್ಲಿ ಆದ ಸೂಕ್ಷ್ಮ ಕ್ಷತಿಯೂ ಅದನ್ನು ಸರಿಪಡಿಸಲು ದೇಹವು ನಡೆಸುವ ಕೆಲಸವೂ ಅದಕ್ಕೆ ಮೂಲವೆಂದು ತಿಳಿಯಲಾಗಿದೆ. ಜರ್ಮನಿಯ ಮೈಕೇಲ್ ರಿಸ್ಟೋ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಮನನಾರ್ಹವಾದುದು. ನಾಲ್ಕು ವಾರ ವ್ಯಾಯಾಮ ಮಾಡಿದ ತರುಣರಲ್ಲಿ ಕೆಲವರಿಗೆ ನಿತ್ಯವೂ 1000 ಮಿಲಿಗ್ರಾಂ ಸಿ ಜೀವಸತ್ತ್ವವನ್ನೂ 400 ಮಾನದ ಇ ಜೀವಸತ್ತ್ವವನ್ನೂ ಕೊಟ್ಟರು. ಕೊಡದಿದ್ದವರಲ್ಲಿ ಇನ್ಸುಲಿನ್ನಿಗೆ ದೇಹವು ಓಗೊಡುವ ಗುಣವು ಉತ್ತಮವಾಯಿತು, ಕೊಟ್ಟವರಲ್ಲಿ ಆಗಲಿಲ್ಲ. ಶ್ರಮದಿಂದ ಹುಟ್ಟುವ ಉಪದ್ರವಕಾರಿ ಪದಾರ್ಥಗಳೇ ದೇಹಕ್ಕೆ ಬಲಗೊಳ್ಳೆಂದು ಹೇಳುವ ದೂತರು. ದೂತನನ್ನು ದಾರಿಯಲ್ಲೇ ತಡೆದರೆ ಸಂದೇಶವು ತಲುಪುವುದೆಂತು? ಕೊರತೆಯನ್ನು ತುಂಬುವುದು ಒಂದು. ಕರೆಯನ್ನು ಅಡಗಿಸುವುದು ಇನ್ನೊಂದು. ಡಬ್ಬಿಗಳ ಅಂಗಡಿಯಲ್ಲಿ ಇವೆರಡೂ ಒಂದೇ ಹಲಗೆಯ ಮೇಲೆ ಕುಳಿತಿರುತ್ತವೆ.

ವಾಗ್ಭಟನು ಬಲಶಾಲಿಗಳೂ ಸ್ನಿಗ್ಧಾಹಾರಿಗಳೂ ಸಹ ಅರ್ಧಶಕ್ತಿಯಿಂದಲೇ ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸಿದ್ದಾನೆ. ಉಸಿರು ಬಾಯಿಗೆ ಬಂದುದೇ ಅರ್ಧಬಲದ ಲಕ್ಷಣವೆಂದು ಸುಶ್ರುತನ ಮತ. ತುಪ್ಪ ತಿಂದವನಿಗೂ ಮಿತಿಯಿಂದ ವಿನಾಯಿತಿಯಿಲ್ಲವೆಂಬುದನ್ನು ಗಮನಿಸಬೇಕು. ನಾಳೆಯೂ ಪೂರ್ಣಶಕ್ತಿಯನ್ನು ವ್ಯಯಿಸುವೆನು, ನಡುವೆ ಕಾಯಲಾರೆನು ಎಂಬ ಆತುರವೇ ನಮ್ಮನ್ನು ಕಾಡಿದ್ದು, ಪುಡಿಯಲ್ಲ.

ಆದರೆ ಮಂಡಿಯಲ್ಲಿ ದಿನವೆಲ್ಲ ಮೂಟೆ ಹೊರುವವನೂ ಬೇಗ ಚೇತರಿಸಿಕೊಳ್ಳಲು ಬಯಸುತ್ತಾನಲ್ಲ! ಅವನ ಬಯಕೆಯನ್ನು ಆತುರವೆನ್ನಲು ನಮಗೆ ಬಾಯಿ ಬಾರದು. ಅವನ ಅರ್ಧಶಕ್ತಿಗೆ ಅರ್ಧ ಕೂಲಿ. ವಿಶ್ರಾಂತಿಯ ದಿನಕ್ಕೆ ಕೂಲಿಯೇ ಇಲ್ಲ. ಹಾಲಿನ ಸಾರವು ಯಾರಿಗಾದರೂ ನ್ಯಾಯವಾಗಿ ಸಲ್ಲಬೇಕಾದರೆ ಮೊದಲು ಅವನಿಗೆ ಸಲ್ಲಬೇಕು. ಡಬ್ಬಿಯು ಅವನ ಕೈಗೆಟುಕುವ ಬೆಲೆಯದಲ್ಲ.

ತರುಣನನ್ನು ಮತ್ತೆ ಕರೆದು, ಮೊದಲು ಆಡಿದ ಮಾತನ್ನು ಹಿಂದೆಗೆದುಕೊಂಡೆವು. ರಾತ್ರಿ ಎಷ್ಟು ಹೊತ್ತು ನಿದ್ರಿಸುತ್ತೀಯೆಂದು ಕೇಳಿದೆವು. ಐದು ಗಂಟೆಯೆಂದು ನಗುತ್ತಲೇ ಹೇಳಿದನು. ಡಬ್ಬಿಯ ಬೆಲೆಯನ್ನು ಕೇಳಿದಾಗ ಮಾತ್ರ ಹೇಳಲು ಸಂಕೋಚಪಟ್ಟನು.