ಕಲಿಸುವ ಮುಂಚೆ ಪರಿಚಯ ಮಾಡಿಸಿ

ಪ್ರತಿ ವರ್ಷ ಜೂನ್ 5ರ ಪರಿಸರ ದಿನದಂದು ಶಾಲೆಯ ಅಂಗಳದಲ್ಲಿ ಗುಂಡಿ ತೋಡುತ್ತೇವೆ. ಹತ್ತು ಕೈಗಳು ಸೇರಿ ಒಂದು ಸಸಿ ಹಿಡಿಯುತ್ತವೆ. ಫೋಟೊ ತೆಗೆದ ಮೇಲೆ ಕೈಗಳೆಲ್ಲ ಸರಿಯುತ್ತವೆ. ಮಳೆ ಇರುವ ತನಕ ಸಸಿಗೆ ಚಿಂತೆಯಿಲ್ಲ. ಶಿವರಾತ್ರಿ ದಾಟಿ ಬಿಸಿಲು ಏರಿದಾಗ ಅದಕ್ಕೆ ನೀರು ಹಾಕುವವರು ಯಾರೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಹೊಸ ಸಸಿ ಬರುತ್ತದೆ. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಗಿಡ ನೆಡುವುದು ಒಂದು ದಿನದ ಕೆಲಸ ಎಂಬ ಪಾಠವನ್ನು ಅವರಿಗೆ ನಾವೇ ಕಲಿಸಿಬಿಡುತ್ತೇವೆ.

ಗದಗಿನ ಮಗ್ಗುಲಲ್ಲಿರುವ ನಮ್ಮ ಕಳಸಾಪುರದಂಥ ಊರಿಗೆ ಈ ಪಾಠ ದುಬಾರಿ. ಇದು ಮಳೆ ಕಡಿಮೆಯ ಸೀಮೆ. ಇಲ್ಲಿ ಒಂದು ಬೇವು ಎರಡು ಬೇಸಿಗೆ ದಾಟಿತೆಂದರೆ ಅದರ ಹಿಂದೆ ಯಾರದೋ ಕೈ ಇದ್ದೇ ಇರುತ್ತದೆ.

ಭಯಕ್ಕಿಂತ ಮೊದಲು ಪ್ರೀತಿ

ಆರು ವರ್ಷದ ಮಗುವಿಗೆ ಓಝೋನ್ ಪದರದ ತೂತು, ಕರಗುವ ಹಿಮ, ಸಾಯುವ ಆಮೆಗಳ ಕತೆ ಹೇಳುತ್ತೇವೆ. ಮಗು ಭೂಮಿಗೆ ಜ್ವರ ಬಂದ ಚಿತ್ರ ಬರೆದು ಬಹುಮಾನವನ್ನೂ ತರುತ್ತದೆ. ಅದೇ ಮಗುವನ್ನು ಬಾಗಿಲ ಮುಂದಿನ ಗಿಡ ಹೊಂಗೆಯೋ ಬೇವೋ ಎಂದು ಕೇಳಿ ನೋಡಿ, ಸುಮ್ಮನೆ ನಿಲ್ಲುತ್ತದೆ. ಗುರುತೇ ಇಲ್ಲದವರನ್ನು ಕಾಪಾಡು ಎಂದರೆ ಮಗು ಯಾರನ್ನು ಕಾಪಾಡಬೇಕು?

ಕೀಟನಾಶಕಗಳ ಹಾವಳಿಯನ್ನು ಜಗತ್ತಿಗೆ ತಿಳಿಸಿದ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ 1956ರಲ್ಲಿ ಮಕ್ಕಳ ಬೆರಗಿನ ಬಗ್ಗೆ ಒಂದು ಪ್ರಬಂಧ ಬರೆದರು. ಮಗುವಿನ ಬೆರಗು ಬತ್ತದಿರಬೇಕಾದರೆ ಅದರ ಜೊತೆ ಬೆರಗುಪಡುವ ಒಬ್ಬ ದೊಡ್ಡವರಾದರೂ ಬೇಕು ಎಂಬುದು ಅವರ ಮಾತಿನ ಸಾರ. ಹೆಸರು ಹೇಳಿಕೊಡುವುದಕ್ಕಿಂತ ಜೊತೆಗೆ ಕೂತು ನೋಡುವುದು ದೊಡ್ಡದು ಎಂದು ಅವರು ನಂಬಿದ್ದರು. ನಮ್ಮ ಅನುಕೂಲವೆಂದರೆ, ಹಳ್ಳಿಯ ಅಜ್ಜಿಗೆ ಎರಡೂ ಬರುತ್ತವೆ.

ಹಬ್ಬವೇ ಪಠ್ಯ

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ ಕಟ್ಟೆಯ ಮೇಲೆ ಕೂತ ಹುಡುಗನೊಬ್ಬನನ್ನು ನೋಡುತ್ತಿದ್ದೆ. ಎರಿಮಣ್ಣಿನಲ್ಲಿ ಎತ್ತು ಮಾಡಿದ್ದ, ಕೋಡು ಮತ್ತೆ ಮತ್ತೆ ಬಿರಿಯುತ್ತಿತ್ತು. ಅಜ್ಜಿ ಬೈಯಲಿಲ್ಲ. ಒಂದು ಚಿಟಿಕೆ ಅರಳೆ ಕೊಟ್ಟು, "ಇದನ್ನ ಹಾಕಿ ಚಲೋತ್ನಾಗಿ ನಾದು, ಮಣ್ಣು ಒಂದಕ್ಕೊಂದು ಹಿಡ್ಕೋತೈತಿ" ಎಂದಳು. ಹುಡುಗ ನಾದಿದ, ಕೋಡು ನಿಂತಿತು. ಕಣ್ಣಿಗೆ ಎರಡು ಕುಸುಬಿ ಕಾಳು ಒತ್ತಿದ. ಎರಿಮಣ್ಣು ಒಣಗಿದರೆ ಬಿರಿಯುತ್ತದೆ, ನೀರು ಹಿಡಿದಿಡುತ್ತದೆ ಎಂಬುದು ಆ ಹತ್ತು ನಿಮಿಷದಲ್ಲಿ ಅವನ ಬೆರಳಿಗೆ ತಿಳಿದುಹೋಯಿತು. ಬಣ್ಣ ಬಳಿದ ಎತ್ತನ್ನು ಪೇಟೆಯಿಂದ ಕೊಂಡು ತಂದರೆ ಈ ತಿಳಿವಳಿಕೆ ಬಾರದು.

ಹೀಗೇ ವರ್ಷವಿಡೀ ನೋಡಿ. ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಮಣ್ಣಿನಲ್ಲೇ ಗುಳ್ಳವ್ವನನ್ನು ಮಾಡುತ್ತಾರೆ. ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬಸುರಿಯಾದ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಆ ಅನ್ನ ಇರುವೆಗೆ, ಹಕ್ಕಿಗೆ, ಹುಳಕ್ಕೆ ಸಲ್ಲುತ್ತದೆ. ಬೆಳೆ ನಮ್ಮೊಬ್ಬರದೇ ಅಲ್ಲ ಎಂದು ಇದಕ್ಕಿಂತ ಸರಳವಾಗಿ ಯಾವ ಪುಸ್ತಕ ಹೇಳೀತು? ದಸರೆಗೆ ಬನ್ನಿ ಕೊಡುತ್ತೇವೆ. ಮಳೆಯಿಲ್ಲದೆಯೂ ಹಸಿರಾಗಿರುವ, ಬೇರಿನಿಂದ ನೆಲಕ್ಕೆ ಸಾರಜನಕ ಸೇರಿಸುವ ಮರ ಅದು. ಟೊಂಗೆ ಮುರಿಯದೆ ನಾಲ್ಕು ಎಲೆ ಮಾತ್ರ ಕಿತ್ತುಕೊಳ್ಳುವುದನ್ನು ಆ ದಿನ ಮಗುವಿಗೆ ತೋರಿಸಿದರೆ ಸಾಕು. ಬೇಕಾದಷ್ಟೇ ತೆಗೆದುಕೊಳ್ಳುವ ಗುಣ ಅಲ್ಲಿಂದ ಶುರುವಾಗುತ್ತದೆ.

ಗುಡ್ಡ ಮತ್ತು ಕೆರೆ

ನಮ್ಮ ಮಕ್ಕಳಿಗೆ ದೂರದ ಅಮೆಜಾನ್ ಕಾಡನ್ನು ತೋರಿಸುವ ಮೊದಲು ಹತ್ತಿರದ ಕಪ್ಪತಗುಡ್ಡ ತೋರಿಸಬೇಕು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗೆ ಹಬ್ಬಿದ ಈ ಗುಡ್ಡಸಾಲು ಔಷಧಿ ಸಸ್ಯಗಳಿಗೆ ಹೆಸರಾದದ್ದು. ಗಣಿಗಾರಿಕೆಯಿಂದ ಇದನ್ನು ಉಳಿಸಲು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಕಾನೂನು ಗಣಿಯನ್ನು ತಡೆಯಬಲ್ಲದು. ಆದರೆ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಬೆಂಕಿಯನ್ನು ತಡೆಯಬೇಕಾದದ್ದು ಕಡ್ಡಿ ಗೀರುವ ಕೈಯೇ. ಬಾದೆ ಹುಲ್ಲನ್ನು ಉಜ್ಜಿ ಮೂಸಿದ, ನವಿಲಿನ ಗರಿ ಹೆಕ್ಕಿ ಬೆರಗಾಗಿ ಮತ್ತೆ ಅಲ್ಲೇ ಬಿಟ್ಟುಬಂದ ಹುಡುಗ ದೊಡ್ಡವನಾದ ಮೇಲೆ ಆ ಕಡ್ಡಿ ಗೀರಲಾರ.

ಚಳಿಗಾಲದಲ್ಲಿ ಒಂದು ದಿನ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಹಿಮಾಲಯದ ಮೇಲೆ 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಬಲ್ಲ ಹಕ್ಕಿ ಇದು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳಿ ವಿಶ್ರಮಿಸುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗು ತಾಣಗಳಲ್ಲಿ ಒಂದೆನಿಸಿತು. ಅಲ್ಲಿ ಭಾಷಣ ಬೇಡ. ಮಗುವನ್ನು ದಂಡೆಯಲ್ಲಿ ಕೂರಿಸಿ, ಗದ್ದಲ ಮಾಡದೆ ಅರ್ಧ ತಾಸು ನೀವೂ ಕೂತಿರಿ. ಪರರ ನೆಮ್ಮದಿಗಾಗಿ ತಾನು ಸುಮ್ಮನಿರುವುದು ಮಗು ಕಲಿಯುವ ದೊಡ್ಡ ಸಂಸ್ಕಾರ.

ಮನೆಯಲ್ಲಿ ಮಾಡಬಹುದಾದದ್ದು

ಮಗುವಿಗೆ ಒಂದು ಗಿಡವನ್ನು ವಹಿಸಿಕೊಡಿ, ಒಂದೇ ಸಾಕು. ಅದಕ್ಕೆ ಮಗುವೇ ಹೆಸರಿಡಲಿ. ಹುಣ್ಣಿಮೆಗೊಮ್ಮೆ ದಾರದಿಂದ ಅಳೆದು ಗೋಡೆಯ ಮೇಲೆ ಗೆರೆ ಹಾಕಲಿ. ಬೇಸಿಗೆಗೆ ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಇಟ್ಟ ಹಳೆ ಮಡಕೆಯನ್ನು ಬುಡದ ಪಕ್ಕ ಹುಗಿಯಿರಿ, ನೀರು ಹನಿಹನಿಯಾಗಿ ಬೇರಿಗೇ ಹೋಗುತ್ತದೆ. ಶಾಲೆಯಲ್ಲಿ ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಕಾಲುವೆ ಮಾಡಿ ಗಿಡದ ಪಾತಿಗೆ ಬಿಡಬಹುದು. ಬಿಸಿಲ ದಿನಗಳಲ್ಲಿ ಮಾಳಿಗೆಯ ಮೇಲೆ ಹಕ್ಕಿಗೆ ಒಂದು ಪರಟೆ ನೀರಿಡುವ ಕೆಲಸ ಮಗುವಿನದೇ ಆಗಿರಲಿ. ಮರೆತರೆ ನೆನಪಿಸಿ, ಅದರ ಬದಲು ನೀವು ಇಡಬೇಡಿ.

ಇಷ್ಟಕ್ಕಿಂತ ಮುಖ್ಯ ನಮ್ಮ ನಡತೆ. ಅಪ್ಪ ಬೈಕಿನಿಂದ ಗುಟ್ಕಾ ಚೀಟಿ ಎಸೆದರೆ, ಒಲೆ ಹೊತ್ತಿಸಲು ಅವ್ವ ಪ್ಲಾಸ್ಟಿಕ್ ಹಾಕಿದರೆ, ಶಿಕ್ಷಕರು ತುಂಬಿ ಹರಿಯುವ ನಳದ ಪಕ್ಕದಲ್ಲೇ ದಾಟಿ ಹೋದರೆ, ಮಗು ಆ ಕೈಗಳನ್ನೇ ನಂಬುತ್ತದೆ, ಬಾಯಿಯ ಮಾತನ್ನಲ್ಲ. ನಾವು ಬಾಗಿ ನಳ ನಿಲ್ಲಿಸಿದರೆ ಅದು ಕೂಡ ಮಗುವಿನ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಒಂದು ಕೋರಿಕೆ. ಈ ಸಲ ಜೂನ್‌ನಲ್ಲಿ ಹೊಸ ಗುಂಡಿ ತೋಡುವ ಮುಂಚೆ ನಿಮ್ಮ ಮಗುವಿನ ಕೈ ಹಿಡಿದು ಕಳೆದ ವರ್ಷದ ಗುಂಡಿಯ ಹತ್ತಿರ ಹೋಗಿ. ಸಸಿ ಬದುಕಿದ್ದರೆ ಇಬ್ಬರೂ ಸೇರಿ ಒಂದು ಕೊಡ ನೀರು ಹಾಕಿ. ಬದುಕಿರದಿದ್ದರೆ ಅದು ಯಾಕೆ ಒಣಗಿತೆಂದು ಮಗುವಿಗೆ ನಿಜವನ್ನೇ ಹೇಳಿ, ಆಮೇಲೆ ಹೊಸ ಸಸಿ ನೆಡಿ.